ಬ್ಯಾಂಕಾಕ್‌ನಲ್ಲಿ ಒಂದು ಬಿಡುವಿನ ದಿನ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಚಿತ್ರದುರ್ಗದ ಸಂತೆಪೇಟೆ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೊಲಿಗೆ ಯಂತ್ರಗಳನ್ನೂ ಮಾರುತ್ತೇನೆ. ಈ ವರ್ಷ ಕಂಪನಿಯವರು ಡೀಲರ್‌ಗಳನ್ನು ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗುತ್ತಿದ್ದಾರೆ. ಅದರಲ್ಲಿ ಒಂದು ದಿನ ಪೂರ್ತಿ ಬಿಡುವು. ಉಳಿದವರೆಲ್ಲ ಪಟ್ಟಾಯಕ್ಕೆ ಸಮುದ್ರ ನೋಡಲು ಹೋಗುತ್ತಾರಂತೆ. ನನಗೆ ಅರಮನೆ, ದೇವಸ್ಥಾನ ನೋಡುವ ಆಸೆ. ಅಂಗಡಿಗೆ ಲೇಸು, ಗುಂಡಿ, ಒಂದಿಷ್ಟು ಬಟ್ಟೆ ತರಬೇಕು. ನಮ್ಮ ಹೋಟೆಲ್ ಸುಖುಮ್ವಿತ್ ಅನ್ನುವ ಕಡೆ ಇದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮನೆಯಲ್ಲಿ ‘ಒಬ್ಬಳೇ ಎಲ್ಲಿ ಅಲೀತೀಯ, ಸುಮ್ನೆ ಎಲ್ಲರ ಜೊತೆ ಹೋಗು’ ಅಂತಾರೆ. ಏನು ಮಾಡಲಿ?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಒಬ್ಬರೇ ಹೋಗಿ ತಂಗಿ. ಧೈರ್ಯವಾಗಿ ಹೋಗಿ. ಆ ದಿನವನ್ನು ಗುಂಪಿನಲ್ಲಿ ಕಳೆದರೆ ನಿಮಗೇ ನಷ್ಟ. ಗುಂಡಿ ಅಂಗಡಿ ಮುಂದೆ ಅರ್ಧ ಗಂಟೆ ನಿಂತರೆ ಗುಂಪಿನವರು ಕಾಯುತ್ತಾರಾ? ಹತ್ತು ನಿಮಿಷಕ್ಕೆ ‘ಬನ್ನಿ ಬನ್ನಿ’ ಶುರುವಾಗುತ್ತದೆ. ಒಬ್ಬರೇ ಇದ್ದಾಗ ನಿಮಗೆ ಬೇಕಾದ ಕಡೆ ನಿಲ್ಲಬಹುದು, ಬೇಡವಾದದ್ದನ್ನು ದಾಟಿ ಹೋಗಬಹುದು.

ನಾನು ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿಯ ಗಲ್ಲಾ ಪಕ್ಕ ಅಪ್ಪನ ಜೊತೆ ಕೂತು ಬೆಳೆದವಳು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುವುದು, ಅಂಚು ತಿರುಗಿಸಿ ನೋಡುವುದು ಅಲ್ಲಿ ಕಲಿತದ್ದು. ಬ್ಯಾಂಕಾಕ್‌ನಲ್ಲಿ ಒಬ್ಬಳೇ ತಿರುಗಿದಾಗ ನನ್ನ ಕೈಹಿಡಿದದ್ದು ಆ ಕಲಿಕೆಯೇ. ಭಾಷೆ ಬರದಿದ್ದರೂ ಬಟ್ಟೆಯವರ ಜೊತೆ ವ್ಯವಹಾರ ಮಾಡಬಹುದು. ನಿಮಗೆ ಹೊಲಿಗೆಯ ಕಣ್ಣಿದೆ. ಆ ಊರನ್ನು ಅದೇ ಕಣ್ಣಿನಿಂದ ನೋಡಿ. ಟೂರ್ ಪುಸ್ತಕದ ಪಟ್ಟಿ ಮುಗಿಸಲು ಹೋಗಬೇಡಿ. ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಚಾವ್ ಫ್ರಯಾ ನದಿಯ ಹತ್ತಿರವೇ ದಿನ ಪೂರ್ತಿ ಇರಿ. ಅರಮನೆ, ದೊಡ್ಡ ದೇವಸ್ಥಾನಗಳು, ಹೂವಿನ ಮಾರುಕಟ್ಟೆ, ಬಟ್ಟೆ ಪೇಟೆ, ಲೇಸು ಗುಂಡಿಗಳ ಗಲ್ಲಿ, ಚೀನಿಯರ ಪೇಟೆ ಎಲ್ಲವೂ ಅಲ್ಲೇ ಒಂದರ ಪಕ್ಕ ಒಂದು ಇವೆ. ದೊಡ್ಡ ಮಾಲ್‌ಗಳು ಬೇರೆ ದಿಕ್ಕಿನಲ್ಲಿವೆ, ಅವನ್ನು ಬಿಟ್ಟುಬಿಡಿ. ಮಾಲ್ ಬೆಂಗಳೂರಲ್ಲೂ ಇದೆ.

ಸುಖುಮ್ವಿತ್‌ನಲ್ಲಿ ಎಂಆರ್‌ಟಿ ಅನ್ನುವ ನೆಲದಡಿಯ ಮೆಟ್ರೋ ಇದೆ. ನೀಲಿ ಮಾರ್ಗ. ಅಲ್ಲಿಂದ ಸನಾಮ್ ಚಾಯ್ ನಿಲ್ದಾಣಕ್ಕೆ ರೈಲು ಬದಲಿಸದೆ ಹೋಗಬಹುದು, ಅರ್ಧ ಗಂಟೆಯೊಳಗಿನ ದಾರಿ. ಸಂಪರ್ಕರಹಿತ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳನ್ನು ಗೇಟಿಗೇ ಮುಟ್ಟಿಸಬಹುದು. ಹೊರಡುವ ಮೊದಲು ಬ್ಯಾಂಕಿನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಕೌಂಟರ್‌ನಲ್ಲಿ ನಾಣ್ಯದ ಆಕಾರದ ಟೋಕನ್ ಕೊಡುತ್ತಾರೆ, ಅದೂ ಸುಲಭವೇ. ಸನಾಮ್ ಚಾಯ್‌ನಲ್ಲಿ ಇಳಿದ ತಕ್ಷಣ ಓಡಬೇಡಿ. ಆ ನಿಲ್ದಾಣವನ್ನೇ ಅರಮನೆಯ ಸಭಾಂಗಣದ ರೀತಿ ಕಂಬ, ಚಿತ್ತಾರ ಹಾಕಿ ಕಟ್ಟಿದ್ದಾರೆ. 2019ರಲ್ಲಿ ತೆರೆದದ್ದು.

ಮೊದಲು ಅರಮನೆ. ಬಾಗಿಲು ಎಂಟೂವರೆಗೆ ತೆರೆಯುತ್ತದೆ, ಆಗಲೇ ಅಲ್ಲಿರಿ. ಹತ್ತು ಗಂಟೆಗೆಲ್ಲ ಬಿಸಿಲೂ ಏರುತ್ತದೆ, ಜನವೂ ತುಂಬುತ್ತಾರೆ. ವಿದೇಶಿಯರಿಗೆ ಟಿಕೆಟ್ 500 ಬಾತ್. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ನಡುವೆ ಅಂತ ಲೆಕ್ಕ ಇಟ್ಟುಕೊಳ್ಳಿ. ಜಾಸ್ತಿ ಅನ್ನಿಸುತ್ತದೆ, ನಿಜ. ಆದರೂ ಇಡೀ ದಿನದಲ್ಲಿ ಮನಸ್ಸು ಬಿಚ್ಚಿ ಖರ್ಚು ಮಾಡಬೇಕಾದ ಜಾಗ ಇದು. ಭುಜ, ಮೊಣಕಾಲು ಮುಚ್ಚಿರಬೇಕು ಅನ್ನುವ ನಿಯಮ ಅಲ್ಲಿ ಗಟ್ಟಿ. ತೋಳಿರುವ ಚೂಡಿದಾರ್ ಹಾಕಿಕೊಂಡರೆ ಯಾವ ತಂಟೆಯೂ ಇಲ್ಲ. ಚಪ್ಪಲಿ ಸುಲಭವಾಗಿ ಬಿಚ್ಚುವಂಥದ್ದಿರಲಿ. ದಿನವಿಡೀ ಬಿಚ್ಚುವುದು, ಹಾಕುವುದು ಇದ್ದೇ ಇದೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಅರಮನೆ ಗೋಡೆಯ ಪಕ್ಕ ನಡೆಯುವಾಗ ನೀಟಾಗಿ ಶರ್ಟು ಹಾಕಿಕೊಂಡವರು ಯಾರಾದರೂ ನಗುತ್ತಾ ಬಂದು ‘ಇವತ್ತು ಅರಮನೆ ಮುಚ್ಚಿದೆ, ಹಬ್ಬ’ ಅನ್ನಬಹುದು. ‘ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್‌ಗೆ 20 ಬಾತ್ ಸಾಕು’ ಅಂತಲೂ ಹೇಳಬಹುದು. ಆ ಟುಕ್‌ಟುಕ್, ಅಂದರೆ ಅಲ್ಲಿನ ಆಟೋ, ಕೊನೆಗೆ ನಿಲ್ಲುವುದು ಹರಳಿನ ಅಂಗಡಿ ಮುಂದೆ. ನನ್ನ ಹತ್ತಿರವೂ ಒಬ್ಬರು ಬಂದಿದ್ದರು. ನಾನು ನಮಸ್ಕಾರ ಮಾಡಿ, ನಿಲ್ಲದೆ ನಡೆದೆ. ಮುಖ್ಯ ಬಾಗಿಲಲ್ಲಿ ಜನ ಸಾಲಾಗಿ ಒಳಗೆ ಹೋಗುತ್ತಿದ್ದರು. ಮುಚ್ಚಿದೆಯೋ ಇಲ್ಲವೋ ಅನ್ನುವುದನ್ನು ಟಿಕೆಟ್ ಕೌಂಟರ್‌ನಿಂದ ಮಾತ್ರ ಕೇಳಿ.

ಒಳಗೆ ಹೋದಮೇಲೆ ಎಲ್ಲರೂ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ಮೂರ್ತಿ ಚಿಕ್ಕದು, 66 ಸೆಂಟಿಮೀಟರ್ ಎತ್ತರ. ತುಂಬಾ ಮೇಲೆ ಕೂರಿಸಿದ್ದಾರೆ. ಒಳಗೆ ಫೋಟೋ ತೆಗೆಯುವಂತಿಲ್ಲ. ನೀವು ನೋಡಬೇಕಾದದ್ದು ಅದರ ಉಡುಪು. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ವರ್ಷಕ್ಕೆ ಮೂರು ಸಲ ಚಿನ್ನದ ಉಡುಪು ಬದಲಾಗುತ್ತದೆ. ಬದಲಿಸುವವರು ಸ್ವತಃ ರಾಜ. ಸುತ್ತಲಿನ ಪಡಸಾಲೆಯ ಗೋಡೆ ಪೂರ್ತಿ ರಾಮಾಯಣ, 178 ಚಿತ್ರಗಳಲ್ಲಿ. ಅಲ್ಲಿ ಅದನ್ನು ರಾಮಕಿಯೆನ್ ಅನ್ನುತ್ತಾರೆ. ಹನುಮಂತ ಬಿಳಿ ಬಣ್ಣದವನು. ಅಲ್ಲಿನ ಕಥೆಯಲ್ಲಿ ಅವನು ಬ್ರಹ್ಮಚಾರಿಯೂ ಅಲ್ಲ, ಸಮುದ್ರಕ್ಕೆ ಸೇತುವೆ ಕಟ್ಟುವಾಗ ರಾವಣನ ಮಗಳಾದ ಮತ್ಸ್ಯಕನ್ಯೆಯನ್ನು ಮೆಚ್ಚುತ್ತಾನೆ. ನಮ್ಮ ಕಡೆ ಬಯಲಾಟ ನೋಡಿ ಬೆಳೆದವರಿಗೆ ಆ ಗೋಡೆ ಮುಂದೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ವೇಷಗಳ ಕಿರೀಟ, ತೋಳುಬಂದಿ, ಅಂಚುಗಳ ಮೇಲೆ ಬಂಗಾರದ ಗೆರೆ ಎಳೆದಿದ್ದಾರೆ. ಹತ್ತಿರ ಹೋಗಿ ನೋಡಿ.

ನೀವು ದುರ್ಗದವರು, ಅದಕ್ಕೇ ಇದನ್ನೂ ಹೇಳುತ್ತೇನೆ. ಈ ಅರಮನೆಯನ್ನು ಒಂದನೇ ರಾಮ ಅನ್ನುವ ರಾಜ ಕಟ್ಟಲು ಶುರು ಮಾಡಿದ್ದು 1782ರಲ್ಲಿ. ನಿಮ್ಮ ಮದಕರಿ ನಾಯಕನ ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ನಾನು ಅಲ್ಲಿ ನಿಂತಾಗ ಈ ಎರಡು ಇಸವಿಗಳೂ ಮನಸ್ಸಿಗೆ ಬಂದವು. ದುರ್ಗದ ಕಲ್ಲಿನ ಕೋಟೆ ನೋಡಿದವರಿಗೆ ಈ ಗಾಜು, ಚಿನ್ನದ ಬಣ್ಣ, ಹೆಂಚಿನ ಮಾಡು ಬೇರೆಯೇ ಲೋಕ.

ಹೊರಗೆ ಬರುವ ಮುಂಚೆ ಇನ್ನೊಂದು ಜಾಗ ಇದೆ. ಬಹಳ ಜನ ಅದನ್ನು ನೋಡದೇ ಹೋಗುತ್ತಾರೆ. ಅರಮನೆ ಆವರಣದಲ್ಲೇ ರಾಣಿ ಸಿರಿಕಿತ್ ಜವಳಿ ಸಂಗ್ರಹಾಲಯ ಇದೆ, 2012ರಲ್ಲಿ ತೆರೆದದ್ದು. ಅರಮನೆ ಟಿಕೆಟ್‌ನಲ್ಲೇ ಇದೂ ಸೇರಿದೆ. ರಾಣಿಯ ಉಡುಪುಗಳು, ಹಳ್ಳಿಗಳಿಂದ ಬಂದ ಕೈಮಗ್ಗದ ರೇಷ್ಮೆ, ಹೊಲಿಗೆ, ಕಸೂತಿ. ಒಳಗೆ ಎಸಿ ಇರುವುದರಿಂದ ಬಿಸಿಲಿಗೂ ನೆಮ್ಮದಿ. ಮಟ್‌ಮೀ ಅನ್ನುವ ಬಟ್ಟೆ ನೋಡಿ. ನೂಲನ್ನು ಗಂಟು ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯುತ್ತಾರೆ, ಅದಕ್ಕೇ ಚಿತ್ತಾರದ ಅಂಚು ಸ್ವಲ್ಪ ಹರಡಿದ್ದು ಕಾಣುತ್ತದೆ. ಮೊಳಕಾಲ್ಮುರು ಸೀರೆ ಕೈಯಲ್ಲಿ ಹಿಡಿದು ಹೊಲಿದಿರುವ ನಿಮಗೆ ಅಲ್ಲಿ ಯಾವ ಗೈಡೂ ಬೇಕಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ವಾಟ್ ಪೋ ದೇವಸ್ಥಾನ. ಮಲಗಿರುವ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಮುಖದ ಕಡೆ ಫೋಟೋದವರ ನೂಕುನುಗ್ಗಲು. ನೀವು ಪಾದದ ಕಡೆ ಹೋಗಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆ ಮಾಡಿದ್ದಾರೆ. ಗೋಡೆ ಪಕ್ಕ 108 ಕಂಚಿನ ಪಾತ್ರೆಗಳ ಸಾಲು. ಚಿಲ್ಲರೆ ತಗೊಂಡು ಒಂದೊಂದರಲ್ಲೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬಹುದು. ಇಡೀ ಮಂಟಪದಲ್ಲಿ ಅದೇ ಸದ್ದು. ಕಾಲು ನೋಯುತ್ತಿದ್ದರೆ ಇಲ್ಲೇ ಥಾಯ್ ಮಸಾಜ್ ಮಾಡಿಸಿಕೊಳ್ಳಿ. ಇಲ್ಲಿನ ಶಾಲೆ 1955ರಿಂದ ಈ ವಿದ್ಯೆ ಕಲಿಸುತ್ತಿದೆ, ಬಟ್ಟೆ ಹಾಕಿಕೊಂಡೇ ಮಾಡಿಸಿಕೊಳ್ಳುವುದು, ಮುಜುಗರ ಬೇಡ.

ವಾಟ್ ಅರುಣ್ ಅನ್ನುವ ಗುಡಿ ನದಿಯ ಆಚೆ ದಡದಲ್ಲಿದೆ. ಥಾ ತಿಯೆನ್ ಕಟ್ಟೆಯಿಂದ ಸಣ್ಣ ದೋಣಿ ದಾಟಿಸುತ್ತದೆ, ಕೆಲವೇ ಬಾತ್. ಆ ಗೋಪುರದ ಮೈಮೇಲಿನ ಹೂವುಗಳೆಲ್ಲ ಚೀನೀ ಪಿಂಗಾಣಿ ಚೂರುಗಳು. ಚೀನಾದಿಂದ ಬರುವ ಹಡಗುಗಳು ಭಾರಕ್ಕೆಂದು ತಂದ ಪಿಂಗಾಣಿಯನ್ನು ಒಡೆದು ಕೂರಿಸಿದ್ದು. ಅಲ್ಲಿ ಬಾಡಿಗೆಗೆ ಥಾಯ್ ಉಡುಪು ಕೊಡುವ ಅಂಗಡಿಗಳಿವೆ, ಹುಡುಗಿಯರು ಉಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಚೋಂಗ್ ಕ್ರಬೆನ್ ಅಂತ ಒಂದು ಉಡುಗೆ ಇದೆ, ನಮ್ಮ ಕಚ್ಚೆಯಂತೆಯೇ ನೆರಿಗೆ ಹಿಡಿದು ಕಾಲುಗಳ ಮಧ್ಯದಿಂದ ಹಿಂದಕ್ಕೆ ಸಿಕ್ಕಿಸುತ್ತಾರೆ. ಉಡಿಸುವ ಹೆಂಗಸಿನ ಕೈ ನೋಡುತ್ತಾ ನಿಂತಿದ್ದೆ. ನೀವೂ ನಿಲ್ಲುತ್ತೀರಿ, ನನಗೆ ಗೊತ್ತು. ಹೊತ್ತು ಮೀರಿದ್ದರೆ ಈ ಗುಡಿಯನ್ನು ಈಚೆ ದಡದಿಂದಲೇ ನೋಡಿ ಮುಂದೆ ಹೋಗಿ. ಯಾಕಂದರೆ ಪೇಟೆ ಕಾಯುವುದಿಲ್ಲ.

ಈಗ ನಿಮ್ಮ ವ್ಯಾಪಾರ. ಮಧ್ಯಾಹ್ನ ಎರಡು ಗಂಟೆಯೊಳಗೆ ಪೇಟೆ ಮುಟ್ಟಿ. ಸಾಂಪೆಂಗ್ ಅನ್ನುವ ಗಲ್ಲಿಯ ಸಗಟು ಅಂಗಡಿಗಳು ಐದು ಗಂಟೆ ಹೊತ್ತಿಗೆ ಬಾಗಿಲು ಎಳೆಯಲು ಶುರು ಮಾಡುತ್ತವೆ. ನಿಮ್ಮ ಬಿಡುವು ಭಾನುವಾರ ಬಿದ್ದರೆ ಕೆಲವು ಅಂಗಡಿಗಳು ತೆರೆದೇ ಇರುವುದಿಲ್ಲ. ಅರಮನೆಯನ್ನು ಬೆಳಗ್ಗೆಯೇ ಮುಗಿಸಿ ಅಂದದ್ದು ಇದಕ್ಕೂ ಸೇರಿ.

ವಾಟ್ ಪೋ ಕಡೆಯಿಂದ ನಡೆದು ಹೋದರೆ ದಾರಿಯಲ್ಲಿ ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆ ಸಿಗುತ್ತದೆ. ಹಗಲು ರಾತ್ರಿ ತೆರೆದಿರುತ್ತದೆ. ಚೆಂಡುಹೂವು ರಾಶಿ ರಾಶಿ. ಮಲ್ಲಿಗೆ ಮೊಗ್ಗು ಪೋಣಿಸಿ ಕೈಗೆ ಹಾಕುವಷ್ಟು ಚಿಕ್ಕ ಹಾರ ಮಾಡಿ ಮಾರುತ್ತಾರೆ. ನಡೆಯಲಾಗದಿದ್ದರೆ ಸನಾಮ್ ಚಾಯ್‌ನಿಂದ ಸಾಮ್ ಯೋತ್‌ಗೆ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಪೇಟೆ ಅಲ್ಲಿಂದ ಹತ್ತಿರ.

ಪಾಹುರಾತ್ ಬಟ್ಟೆ ಪೇಟೆ. ಇಲ್ಲಿ ತಲೆಮಾರುಗಳಿಂದ ಸಿಖ್ಖರ ಅಂಗಡಿಗಳಿವೆ. ಬಂಗಾರದ ಗುಮ್ಮಟದ ದೊಡ್ಡ ಗುರುದ್ವಾರವೂ ಇದೆ. ಹಿಂದಿ ಬಂದರೆ ಇಲ್ಲಿ ಚೌಕಾಸಿಗೆ ಕಷ್ಟವೇ ಇಲ್ಲ. ತಾನು ತಾನು ಬಟ್ಟೆ, ಲೇಸು, ಥಾಯ್ ನೃತ್ಯದ ಉಡುಪುಗಳಿಗೆ ಹಾಕುವ ಚಮಕಿ ಪಟ್ಟಿಗಳು. ಒಂದು ವಿಷಯ ನೆನಪಿಡಿ: ಬಹಳ ಅಂಗಡಿಗಳಲ್ಲಿ ಬಟ್ಟೆ ಅಳೆಯುವುದು ಗಜದಲ್ಲಿ. ಒಂದು ಗಜ ಅಂದರೆ 91.44 ಸೆಂಟಿಮೀಟರ್. ಮೀಟರಿಗೆ ಎಂಟೂವರೆ ಸೆಂಟಿಮೀಟರ್ ಕಡಿಮೆ. ಐದು ಮೀಟರ್ ಬೇಕಿದ್ದರೆ ಐದೂವರೆ ಗಜ ಕೇಳಿ. ನಿಮ್ಮ ಟೇಪನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋಗಿ. ಅದನ್ನು ಹೊರಗೆ ತೆಗೆದ ಕೂಡಲೇ ಅಂಗಡಿಯವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಪಾಹುರಾತ್‌ಗೆ ಅಂಟಿಕೊಂಡೇ ಸಾಂಪೆಂಗ್ ಗಲ್ಲಿ ಶುರು. ಇಬ್ಬರು ಎದುರುಬದುರು ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟು ಇಕ್ಕಟ್ಟು. ಅದರಲ್ಲೇ ಕೈಗಾಡಿ, ಬೈಕು. ಗುಂಡಿ, ಜಿಪ್ಪು, ರಿಬ್ಬನ್, ಮಣಿ, ಕೂದಲ ಕ್ಲಿಪ್ಪು, ಚೀಲ ಎಲ್ಲ ಸಗಟು. ಬೆಲೆ ಚೀಟಿಯಲ್ಲಿ ಎರಡು ಅಂಕಿ ಇದ್ದರೆ ಒಂದು ಬಿಡಿ ಬೆಲೆ, ಇನ್ನೊಂದು ಮೂರೋ ಆರೋ ಹನ್ನೆರಡೋ ತಗೊಂಡರೆ ಆಗುವ ಬೆಲೆ. ಕ್ಯಾಲ್ಕುಲೇಟರ್‌ನಲ್ಲಿ ಅಂಕಿ ಒತ್ತಿ ತೋರಿಸುತ್ತಾರೆ, ನೀವೂ ನಿಮ್ಮ ಅಂಕಿ ಒತ್ತಿ ತೋರಿಸಿ. ಇಂಗ್ಲಿಷ್ ಬೇಕಾಗುವುದೇ ಇಲ್ಲ. ಸಗಟು ಬೆಲೆಯ ಮೇಲೆ ಬಹಳ ಎಳೆದಾಡಬೇಡಿ, ಅವರ ಲಾಭ ಅಲ್ಲೇ ತೆಳ್ಳಗಿರುತ್ತದೆ. ಚೌಕಿಪೇಟೆಯಲ್ಲಿ ಅಪ್ಪನಿಗೆ ಬೇಸರ ತರುತ್ತಿದ್ದ ಗಿರಾಕಿಗಳು ಅಂಥವರೇ. ನಗದು ಇಟ್ಟುಕೊಳ್ಳಿ. ವಿಮಾನ ನಿಲ್ದಾಣದ ಕೆಳ ಅಂತಸ್ತಿನಲ್ಲಿ, ರೈಲು ಹತ್ತುವ ಕಡೆ ಇರುವ ವಿನಿಮಯ ಕೌಂಟರ್‌ಗಳಲ್ಲಿ ಮೇಲಿನವುಗಳಿಗಿಂತ ಒಳ್ಳೆಯ ದರ ಸಿಗುತ್ತದೆ.

ಏನು ತರಬೇಕು? ಲೇಸು ತನ್ನಿ. ಹಗುರ, ಮಡಚಬಹುದು, ನಮ್ಮ ಕಡೆ ಕಾಣದ ವಿನ್ಯಾಸ ಸಿಗುತ್ತದೆ. ಗುಂಡಿ ನೋಡಲು ಸಣ್ಣದು, ಆದರೆ ಕಿಲೋಗಟ್ಟಲೆ ಭಾರ ಬರುತ್ತದೆ. ಬಗೆಬಗೆಯದನ್ನು ಸ್ವಲ್ಪ ಸ್ವಲ್ಪ ತಗೊಳ್ಳಿ. ಆನೆ ಚಿತ್ರದ ಸಡಿಲ ಪ್ಯಾಂಟ್ ಮನೆ ಮಕ್ಕಳಿಗೆ ಇಷ್ಟವಾಗುತ್ತದೆ, ಅರಮನೆ ಬಾಗಿಲಲ್ಲಿ ಕೊಳ್ಳಬೇಡಿ, ಇಲ್ಲೇ ಅಗ್ಗ. ಕತ್ತರಿ ಕೊಂಡರೆ ಕೈಯಲ್ಲಿ ಹಿಡಿದು ವಿಮಾನ ಹತ್ತುವ ಚೀಲದಲ್ಲಿ ಇಡಬೇಡಿ, ಕಸಿದುಕೊಳ್ಳುತ್ತಾರೆ. ದೊಡ್ಡ ಸರಕು ತರುವ ಆಲೋಚನೆ ಈ ಸಲ ಬೇಡ. ಪ್ರಯಾಣಿಕರಿಗೆ ಕೊಡುವ ಸುಂಕ ವಿನಾಯಿತಿ ಸ್ವಂತ ಸಾಮಾನಿಗೆ. ಮಾರಲು ತಂದ ಮಾಲು ಅದರಲ್ಲಿ ಬರುವುದಿಲ್ಲ. ಅಂಗಡಿಗಳ ಕಾರ್ಡು ತಗೊಳ್ಳಿ, ಮಾದರಿಗೆ ಅರ್ಧ ಅರ್ಧ ಗಜ ಕತ್ತರಿಸಿಕೊಂಡು ಬನ್ನಿ.

ಗಲ್ಲಿಯಲ್ಲಿ ಪೂರ್ವಕ್ಕೆ ಮುಂದುವರಿದು ಎಡಕ್ಕೆ ತಿರುಗಿದರೆ ಯಾವೊರಾತ್, ಚೀನಿಯರ ಪೇಟೆಯ ದೊಡ್ಡ ರಸ್ತೆ. ಸಾಲು ಸಾಲು ಚಿನ್ನದಂಗಡಿ, ಕತ್ತಲಾದ ಮೇಲೆ ಬೀದಿ ತುಂಬ ತಿಂಡಿ. ವಾಟ್ ಮಂಗ್ಕೋನ್ ಮೆಟ್ರೋ ನಿಲ್ದಾಣ ಹತ್ತಿರವೇ ಇದೆ, ಅದೇ ನೀಲಿ ಮಾರ್ಗ ನಿಮ್ಮನ್ನು ಸುಖುಮ್ವಿತ್‌ಗೆ ವಾಪಸ್ ಮುಟ್ಟಿಸುತ್ತದೆ. ಸಂಜೆ ಆರಕ್ಕೆ ನಿಲ್ದಾಣದಲ್ಲಿದ್ದರೆ ಅವರ ರಾಷ್ಟ್ರಗೀತೆ ಕೇಳಿಸುತ್ತದೆ, ನಡೆಯುತ್ತಿದ್ದವರೆಲ್ಲ ನಿಲ್ಲುತ್ತಾರೆ. ನೀವೂ ಚೀಲ ಕೆಳಗಿಟ್ಟು ನಿಲ್ಲಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬ್ಯಾಂಕಾಕ್‌ನಲ್ಲಿ ಹಣ್ಣು ತಿಂದೇ ಇರಬೇಕಾಗುತ್ತದಾ?
- ಓದುಗರೊಬ್ಬರು, ಹರಿಹರ

ಉತ್ತರ: ಖಂಡಿತ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಹುಡುಕಿ, ನಮ್ಮ ಕಣ್ಣಿಗೆ ಅದು ಇಂಗ್ಲಿಷಿನ 17 ಅಂತ ಕಾಣುತ್ತದೆ. ಅದು ‘ಜೇ’. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಬೇರೆ ಕಡೆ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ, ಆದ್ದರಿಂದ ‘ಕಿನ್ ಜೇ’ ಅಂತಲೇ ಹೇಳಿ. ಪಾಹುರಾತ್‌ನಲ್ಲಿ ಚಪಾತಿ, ದಾಲ್, ಅನ್ನದ ಹೋಟೆಲುಗಳಿವೆ. ಅಲ್ಲಿನ ಗುರುದ್ವಾರದಲ್ಲಿ ಬೆಳಗಿನ ಹೊತ್ತು ಲಂಗರ್, ಅಂದರೆ ಎಲ್ಲರಿಗೂ ಪುಕ್ಕಟೆ ಊಟ ಇರುತ್ತದೆ, ಯಾರು ಬೇಕಾದರೂ ಕೂತು ಉಣ್ಣಬಹುದು, ತಲೆ ಮುಚ್ಚಿಕೊಂಡರೆ ಸಾಕು. ಜೊತೆಗೆ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಒಯ್ಯಿರಿ. ನಾನು ಎಲ್ಲಿಗೆ ಹೋದರೂ ಮಂಡಕ್ಕಿ ಬಿಟ್ಟು ಹೋಗುವವಳಲ್ಲ.

ಪ್ರಶ್ನೆ: ಥಾಯ್ ರೇಷ್ಮೆ ಅಸಲಿ ಅಂತ ತಿಳಿಯುವುದು ಹೇಗೆ? ತೆರಿಗೆ ವಾಪಸ್ ಕೊಡುತ್ತಾರಂತೆ, ನಿಜವಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ನವಿಲಿನ ಮುದ್ರೆ ನೋಡಿ. ಬಂಗಾರ, ಬೆಳ್ಳಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣದ ನವಿಲುಗಳಿವೆ. ಬಂಗಾರದ್ದು ಎಲ್ಲಕ್ಕಿಂತ ಮೇಲಿನ ದರ್ಜೆ, ದೇಸಿ ಹುಳುವಿನ ರೇಷ್ಮೆಯ ಕೈನೇಯ್ಗೆ. ಹಸಿರು ನವಿಲು ಅಂದರೆ ರೇಷ್ಮೆ ಜೊತೆ ಬೇರೆ ನೂಲು ಬೆರೆತಿದೆ. ಕೈನೇಯ್ಗೆಯಲ್ಲಿ ಅಲ್ಲಲ್ಲಿ ನೂಲು ದಪ್ಪಗಾಗಿರುತ್ತದೆ, ಬೆರಳಿಗೆ ಸಿಗುತ್ತದೆ. ಹಾಸು ಹೊಕ್ಕು ಬೇರೆ ಬೇರೆ ಬಣ್ಣದ್ದಾಗಿದ್ದರೆ ಬೆಳಕಿಗೆ ತಿರುಗಿಸಿದಂತೆ ಬಣ್ಣ ಬದಲಾಗುತ್ತದೆ.

ತೆರಿಗೆ ವಾಪಸ್ ನಿಜ. ಅಲ್ಲಿ ವ್ಯಾಟ್ ಶೇ 7. ವಾಪಸಾತಿಯ ಫಲಕ ಹಾಕಿರುವ ಒಂದೇ ಅಂಗಡಿಯಲ್ಲಿ ಒಂದೇ ದಿನ ಕನಿಷ್ಠ 2,000 ಬಾತ್ ಖರೀದಿಸಿ, ಪಾಸ್‌ಪೋರ್ಟ್ ತೋರಿಸಿ ಅವತ್ತೇ ಫಾರಂ ಪಡೆಯಬೇಕು. ಸಾಂಪೆಂಗ್‌ನ ಸಣ್ಣ ಅಂಗಡಿಗಳಲ್ಲಿ ಇದನ್ನು ಕೇಳಿ ಪ್ರಯೋಜನವಿಲ್ಲ. ಇನ್ನೊಂದು ಮಾತು, ಬುದ್ಧನ ಮೂರ್ತಿ ಕೊಂಡರೆ ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು.

ಪ್ರಶ್ನೆ: ಮಗಳಿಗೆ ಇಪ್ಪತ್ನಾಲ್ಕು ವರ್ಷ. ಕೆಲಸಕ್ಕೆ ಸೇರಿದ್ದಾಳೆ. ಸ್ವಂತ ದುಡ್ಡಿನಲ್ಲಿ ಒಬ್ಬಳೇ ಬ್ಯಾಂಕಾಕ್ ನೋಡುತ್ತೇನೆ ಅಂತ ಹಟ. ತಾಯಿಯಂತೂ ನಿದ್ದೆ ಬಿಟ್ಟಿದ್ದಾಳೆ. ಕಳಿಸಬಹುದಾ?
- ಓದುಗರೊಬ್ಬರು, ಹೊಸದುರ್ಗ

ಉತ್ತರ: ಕಳಿಸಿ ಅಣ್ಣ. ನಿಮ್ಮ ಆತಂಕ ಸಹಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಲ್ಲಿ ರಸ್ತೆ, ಅಂಗಡಿ, ದೋಣಿ, ರೈಲು ಎಲ್ಲಿ ನೋಡಿದರೂ ಹೆಂಗಸರೇ ಕೆಲಸ ಮಾಡುತ್ತಿರುತ್ತಾರೆ. ಒಬ್ಬಳೇ ಓಡಾಡುವ ಹುಡುಗಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಹೋಟೆಲ್ ಹಿಡಿಯಲು ಹೇಳಿ, ಒಂದಿಷ್ಟು ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ, ಅದನ್ನು ನೀವೇ ಕೊಡಿ. ಹೋಟೆಲ್ ಹೆಸರು ಥಾಯ್ ಅಕ್ಷರದಲ್ಲಿರುವ ಕಾರ್ಡು ಪರ್ಸಿನಲ್ಲಿರಲಿ. ಪಾಸ್‌ಪೋರ್ಟಿನ ಜೆರಾಕ್ಸ್ ನಿಮ್ಮ ಹತ್ತಿರವೂ ಒಂದಿರಲಿ. ಪ್ರವಾಸಿ ಪೊಲೀಸರ ನಂಬರ್ 1155, ಅವಳ ಫೋನಿನಲ್ಲಿ ಈಗಲೇ ಸೇವ್ ಮಾಡಿಸಿ. ಗಂಟೆಗೊಂದು ಸಲ ಫೋನ್ ಮಾಡಬೇಡಿ. ಬೆಳಗ್ಗೆ ಹೊರಡುವಾಗ ಒಂದು, ಹೋಟೆಲ್ ಸೇರಿದ ಮೇಲೆ ಒಂದು ಮೆಸೇಜ್ ಅಂತ ಮಾತಾಡಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ರಾತ್ರಿ ಎಂಟಕ್ಕೆ ವಾಪಸ್ ಬರುತ್ತೇನೆ ಅಂದರೆ ನಮ್ಮ ಕಡೆ ಆರೂವರೆಗೇ ಮೆಸೇಜ್ ಬರುತ್ತದೆ ಅಂತ ಅವಳ ತಾಯಿಗೂ ತಿಳಿಸಿ.